‘ದಿ ಪೇಲ್ ಹಾರ್ಸ್’: ರೋಗದ ಹೆಸರಿನಲ್ಲಿ ಅಡಗಿದ ವಿಷ

ಪತ್ತೇದಾರಿ ಕಾದಂಬರಿಯನ್ನು ಸಾಹಿತ್ಯದ ಪಂಕ್ತಿಯಲ್ಲಿ ಕುಳ್ಳಿರಿಸಲು ವಿಮರ್ಶಕರಲ್ಲಿ ಹಲವರು ಒಪ್ಪುವುದಿಲ್ಲ. ಕುತೂಹಲ ತೀರಿದೊಡನೆ ಅದರ ಪ್ರಯೋಜನವೂ ತೀರಿತೆಂಬುದು ಅವರ ಆಕ್ಷೇಪ. ಅಗಾಥಾ ಕ್ರಿಸ್ಟಿಯವರು 1961ರಲ್ಲಿ ಪ್ರಕಟಿಸಿದ ‘ದಿ ಪೇಲ್ ಹಾರ್ಸ್’ ಎಂಬ ಆಂಗ್ಲ ಕಾದಂಬರಿಯು ಈ ಆಕ್ಷೇಪಕ್ಕೆ ತಕ್ಕ ಒರೆಗಲ್ಲಾಗಿದೆ.

ಪರಸ್ಪರ ಸಂಬಂಧವಿಲ್ಲದ ಹಲವರು ಸಾಯುವರು. ಒಂದೊಂದು ಮರಣಕ್ಕೂ ಒಂದೊಂದು ರೋಗದ ಹೆಸರು ದೊರೆತಿರುವುದು. ಹಳ್ಳಿಯೊಂದರ ಮೂವರು ಸ್ತ್ರೀಯರು ಮಾಟದಿಂದ ಕೊಲ್ಲುವರೆಂಬ ಭ್ರಾಂತಿ ಹಬ್ಬಿರುವುದು. ನಿಜವಾಗಿ ಕೊಲ್ಲುವುದು ಥ್ಯಾಲಿಯಂ ಎಂಬ ಲೋಹದ ಲವಣ. ಅದಕ್ಕೆ ರುಚಿಯಿಲ್ಲ, ವಾಸನೆಯಿಲ್ಲ. ನಿತ್ಯೋಪಯೋಗದ ವಸ್ತುಗಳೊಡನೆ ಮನೆಯನ್ನು ಸೇರುವುದು. ಕೂದಲು ಬುಡಸಹಿತ ಕಿತ್ತುಬರುವ ಒಂದು ಲಕ್ಷಣವೇ ಕಡೆಗೆ ಗುಟ್ಟನ್ನು ಬಿಡಿಸುವುದು.

ಗ್ರಂಥಕರ್ತ್ರಿಯು ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಟಾರ್ಕಿಯ ಆಸ್ಪತ್ರೆಯೊಂದರ ಔಷಧಶಾಲೆಯಲ್ಲಿ ದುಡಿದವರು. ಆ ಪರಿಚಯದ ಫಲವಾಗಿ, ವಿಷವು ರೋಗದ ವೇಷ ಧರಿಸುವ ಬಗೆಯನ್ನು ಅವರು ಚೆನ್ನಾಗಿ ಅರಿತಿದ್ದರು. ಹೊಟ್ಟೆನೋವು ಒಂದು ರೋಗವನ್ನು ಸೂಚಿಸುವುದು, ಅಂಗಾಲಿನ ಉರಿ ಮತ್ತೊಂದನ್ನು, ಕಾಲುಗಳ ಬಲಹೀನತೆ ಮಗುದೊಂದನ್ನು. ಬಿಡಿಬಿಡಿಯಾಗಿ ನೋಡುವವನಿಗೆ ವಿಷ ಕಾಣದು. ಕೂಡಿಸಿ ನೋಡಿದವನಿಗೆ ಮಾತ್ರ ಕಾಣುವುದು. ಈ ತತ್ತ್ವವನ್ನೇ ಕಥೆಯ ಕೀಲಾಗಿಸಿರುವುದು ಕೃತಿಯ ಹೆಚ್ಚುಗಾರಿಕೆ.

ದೋಷವೂ ಇಲ್ಲದಿಲ್ಲ. ಮಾಟದ ಆಡಂಬರಕ್ಕೆ ಹಲವು ಪುಟಗಳು ಸಂದಿವೆ. ರೋಗಿಯ ಹಾಸಿಗೆಯ ಬಳಿಗೆ ವಾಚಕನು ಹೋಗುವುದೇ ಅಪರೂಪ. ಕೂದಲುದುರುವುದು ವಿಷ ಸೇರಿದ ಎರಡು ಮೂರು ವಾರಗಳ ಮೇಲೆ. ಅದಕ್ಕಾಗಿ ಕಾದ ವೈದ್ಯನು ತಡಮಾಡಿದಂತೆಯೇ ಸರಿ. ಅದಕ್ಕೆ ಮುಂಚಿನ ಕಾಲುನೋವಿಗೂ, ಸಂದೇಹವನ್ನು ನಿಶ್ಚಯಕ್ಕೆ ತರುವ ಮೂತ್ರಪರೀಕ್ಷೆಗೂ ಕಾದಂಬರಿಯಲ್ಲಿ ತಕ್ಕ ಸ್ಥಾನ ದೊರೆತಿಲ್ಲ.

ಈ ತಡದ ಬೆಲೆ ಎಷ್ಟೆಂಬುದು ಇಂಗ್ಲೆಂಡಿನ ಬೋವಿಂಗ್ಡನ್‌ನಲ್ಲಿ 1971ರಲ್ಲಿ ತಿಳಿದುಬಂದಿತು. ಕಾರ್ಖಾನೆಯೊಂದರ ನೌಕರರ ಕಾಯಿಲೆಯನ್ನು ಸೋಂಕೆಂದು ಬಗೆಯಲಾಗಿತ್ತು. ಗ್ರಹಾಂ ಯಂಗ್ ಎಂಬ ಸಹೋದ್ಯೋಗಿಯು ವಿಷವಿಕ್ಕಿದ್ದನೆಂಬುದು ಹೊರಬೀಳುವಷ್ಟರಲ್ಲಿ ಇಬ್ಬರು ಸತ್ತಿದ್ದರು. 1972ರಲ್ಲಿ ಅವನಿಗೆ ಶಿಕ್ಷೆಯಾಯಿತು.

1977ರಲ್ಲಿ ಕತಾರಿನಿಂದ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಗೆ ತಂದ 19 ತಿಂಗಳ ಶಿಶುವಿನ ರೋಗ ವೈದ್ಯರಿಗೆ ಬಗೆಹರಿಯಲಿಲ್ಲ. ಶುಶ್ರೂಷೆಗಿದ್ದ ದಾದಿಯು ಆಗ ಇದೇ ಕಾದಂಬರಿಯನ್ನು ಓದುತ್ತಿದ್ದಳು. ಶಿಶುವಿನ ಕೂದಲುದುರುವುದನ್ನು ಕಂಡು ಥ್ಯಾಲಿಯಂ ಇರಬಹುದೆಂದು ಸೂಚಿಸಿದಳು. ಪರೀಕ್ಷೆಯಿಂದ ಮಾತು ನಿಜವಾಯಿತು, ಶಿಶು ಚೇತರಿಸಿಕೊಂಡಿತು. ಅಲ್ಲಿ ವಿಷ ಬಂದುದು ವೈರಿಯ ಕೈಯಿಂದಲ್ಲ, ಮನೆಯಲ್ಲಿದ್ದ ಕೀಟನಾಶಕದಿಂದ. ಆದರೂ ಗುರುತಿಸಬೇಕಾದ ಲಕ್ಷಣ ಒಂದೇ.

ಕಾದಂಬರಿಯು ವೈದ್ಯಗ್ರಂಥವಲ್ಲ, ಅದನ್ನು ನಂಬಿ ಚಿಕಿತ್ಸೆ ಮಾಡಲಾಗದು. ಆದರೆ ನೋಡುವ ಕಣ್ಣನ್ನು ಎಚ್ಚರಿಸುವುದು ಸಾಹಿತ್ಯದ ಕಾರ್ಯವಾದರೆ, ಕುತೂಹಲ ತೀರಿದ ಮೇಲೂ ಈ ಕೃತಿಗೆ ಪ್ರಯೋಜನ ಉಳಿದಿದೆ.