ಪಟ್ಟಿ ಸೇರಿದ ಕರಡಿ

ಎಡಿನ್‌ಬರೋ ನಗರದ ಪ್ರಿನ್ಸಸ್ ಸ್ಟ್ರೀಟ್ ಉದ್ಯಾನದಲ್ಲಿ 2015ರಲ್ಲಿ ನಿಲ್ಲಿಸಿದ ಕಂಚಿನ ಪ್ರತಿಮೆಯೊಂದಿದೆ. ಒಬ್ಬ ಪೋಲಿಷ್ ಸಿಪಾಯಿ, ಪಕ್ಕದಲ್ಲಿ ನಡೆಯುವ ಕರಡಿ. ಅದರ ಹೆಸರು ವೊಯ್ತೆಕ್. ಎರಡನೇ ಮಹಾಯುದ್ಧದಲ್ಲಿ ಫಿರಂಗಿ ಗುಂಡು ಹೊತ್ತ ಕರಡಿ ಅಂತ ಇದರ ಕತೆಯನ್ನು ಹೇಳಿದ್ದೇ ಹೇಳಿದ್ದು. ಬಿಯರ್ ಕುಡೀತಿತ್ತಂತೆ, ಸಿಗರೇಟು ತಿಂತಿತ್ತಂತೆ. ಓದುಗ ನಗುತ್ತಾನೆ, ಪುಸ್ತಕ ಮುಚ್ಚುತ್ತಾನೆ. ಈ ನಗುವಿನ ಬಗ್ಗೆಯೇ ನಮ್ಮ ತಕರಾರು.

ಕತೆಯ ಬುಡಕ್ಕೆ ಹೋಗೋಣ. ಈ ಸಿಪಾಯಿಗಳು ಯಾರು? ಸೋವಿಯತ್ ಆಡಳಿತ ಗಡೀಪಾರು ಮಾಡಿ ಶಿಬಿರಗಳಿಗೆ ಅಟ್ಟಿದ್ದ ಜನ. 1941ರಲ್ಲಿ ಬಿಡುಗಡೆಯಾಗಿ, 1942ರಲ್ಲಿ ಇರಾನಿಗೆ ಬಂದರು. ಅಲ್ಲಿ ಒಬ್ಬ ಹುಡುಗನಿಂದ ಮರಿಯನ್ನು ಕೊಂಡರು, ಬಾಟಲಿಯಲ್ಲಿ ಹಾಲು ಕುಡಿಸಿ ಸಾಕಿದರು. ಮನೆ ಕಳಕೊಂಡವರು ತಬ್ಬಲಿ ಮರಿಯನ್ನು ಎದೆಗವಚಿಕೊಂಡ ಈ ಪ್ರೀತಿಯನ್ನು ನಾವು ಹಗುರ ಮಾಡುವುದಿಲ್ಲ.

ಈಜಿಪ್ಟಿನಿಂದ ಇಟಲಿಗೆ ಹೊರಟ ಹಡಗಿನಲ್ಲಿ ಸಾಕುಪ್ರಾಣಿಗೆ ಜಾಗವಿರಲಿಲ್ಲ. ಆಗ 22ನೇ ಫಿರಂಗಿ ಸರಬರಾಜು ಕಂಪನಿಯ ಪಟ್ಟಿಗೆ ಕರಡಿಯ ಹೆಸರು ಸೇರಿತು. ಪಟ್ಟಿಯಲ್ಲಿದ್ದರೆ ಹಡಗು, ಇಲ್ಲದಿದ್ದರೆ ದಡ. 1944ರ ಮೇ ತಿಂಗಳ ಮಾಂಟೆ ಕಸಿನೋ ಕದನದಲ್ಲಿ ಅದು ಪೆಟ್ಟಿಗೆ ಹೊತ್ತಿತೆಂದು ಸಿಪಾಯಿಗಳು ಹೇಳಿದ್ದಾರೆ. ಗುಂಡು ಹಿಡಿದ ಕರಡಿ ಕಂಪನಿಯ ಲಾಂಛನವೂ ಆಯಿತು.

ಆಮೇಲೆ? 1945ರ ಯಾಲ್ಟಾ ಒಪ್ಪಂದ ಪೂರ್ವ ಪೋಲೆಂಡನ್ನು ಸೋವಿಯತ್ ಕೈಗಿತ್ತಿತು. ಗೆದ್ದ ಸೈನ್ಯದ ಸಿಪಾಯಿಗೆ ಹಿಂದಿರುಗಲು ಊರೇ ಉಳಿಯಲಿಲ್ಲ. 1947ರಲ್ಲಿ ಕರಡಿ ಎಡಿನ್‌ಬರೋ ಮೃಗಾಲಯ ಸೇರಿತು, 1963ರಲ್ಲಿ ಅಲ್ಲೇ ಸತ್ತಿತು. ಪ್ರತಿಮೆಯಲ್ಲಿ ಅದು ಸಿಪಾಯಿಯ ಜೊತೆ ನಡೆಯುತ್ತಲೇ ಇದೆ. ಬದುಕಿದ್ದಾಗ ಕೊನೆಯ ಹದಿನಾರು ವರ್ಷ ಬೇಲಿಯೊಳಗಿತ್ತು.

ಇದನ್ನು ಓದುವಾಗ ನಮಗೆ ಇನ್ನೊಂದು ಪಟ್ಟಿ ನೆನಪಾಗುತ್ತದೆ. ಯಾವ ಬ್ರಿಟಿಷ್ ಸೇನಾಡಳಿತದ ಕೈಕೆಳಗೆ ಈ ಪೋಲಿಷ್ ದಳ ಕಾದಿತೋ, ಅದೇ ಆಡಳಿತ 1890ರ ದಶಕದಲ್ಲಿ ಮಹಾರರ ಭರ್ತಿ ನಿಲ್ಲಿಸಿತ್ತು. ಅವರು 'ಯೋಧ ಜಾತಿ' ಅಲ್ಲವಂತೆ! ಪಿಂಚಣಿ ಪಡೆದ ಸುಬೇದಾರರು, ಹವಾಲ್ದಾರರ ಜನ ಅರ್ಜಿ ಮೇಲೆ ಅರ್ಜಿ ಬರೆದರು. 1917ರಲ್ಲಿ ಯುದ್ಧಕ್ಕೆ ಆಳು ಬೇಕಾದಾಗ 111ನೇ ಮಹಾರ್ ಪಲ್ಟನ್ ಕಟ್ಟಿದರು, 1921ರಲ್ಲಿ ವಿಸರ್ಜಿಸಿದರು. ಮತ್ತೆ ಯುದ್ಧ ಬಂತು. 1941ರಲ್ಲಿ ನಮ್ಮ ಬೆಳಗಾವಿಯಲ್ಲೇ ಮಹಾರ್ ರೆಜಿಮೆಂಟ್ ಹುಟ್ಟಿತು.

ಮನುಷ್ಯರನ್ನು ಪ್ರಾಣಿಯ ಪಕ್ಕ ನಿಲ್ಲಿಸಿ ತೂಗುತ್ತೀರಾ ಅಂತ ಯಾರಾದರೂ ಕೇಳಬಹುದು. ಆ ತಕ್ಕಡಿ ನಮ್ಮದಲ್ಲ ಸ್ವಾಮೀ, ಜಾತಿಯದು. ಕರಡಿ ಅರ್ಜಿ ಹಾಕಿರಲಿಲ್ಲ. ಅರ್ಜಿ ಹಾಕಿದವರು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬಾಗಿಲಾಚೆ ನಿಂತಿದ್ದರು. ಹೆಸರು ಬರೆಯುವ ಕೈಯೂ ಅಳಿಸುವ ಕೈಯೂ ಒಂದೇ ಆಗಿರುವಾಗ, ವೊಯ್ತೆಕ್ ಕತೆಯನ್ನು ಬರೀ ಮುದ್ದಿನ ಕತೆಯಾಗಿ ಹೇಳುವವರು ಆ ಕೈಯನ್ನು ಮರೆಮಾಚುತ್ತಾರೆ. ಮುಂದೆ ಯಾರಾದರೂ ಇದನ್ನು ಮಕ್ಕಳಿಗೆ ಹೇಳಿದರೆ ಯಾಲ್ಟಾವನ್ನೂ ಹೇಳಲಿ, ಬೇಲಿಯನ್ನೂ ಹೇಳಲಿ. ಮಕ್ಕಳು ಅರ್ಥ ಮಾಡಿಕೊಳ್ಳುತ್ತಾರೆ.