ಮೂವತ್ತೆಂಟರ ಲೆಕ್ಕ

ಪಿಯುಸಿ ಜೀವಶಾಸ್ತ್ರದಲ್ಲಿ ಉಸಿರಾಟದ ಪಾಠ ಓದಿದವರು ಉಳಿದೆಲ್ಲ ಮರೆತರೂ ಒಂದು ಸಂಖ್ಯೆಯನ್ನು ಮರೆಯುವುದಿಲ್ಲ: ಒಂದು ಗ್ಲೂಕೋಸ್‌ಗೆ 38 ಎಟಿಪಿ, ಅಂದರೆ ಕೋಶ ಖರ್ಚು ಮಾಡುವ ಶಕ್ತಿಯ 38 ನಾಣ್ಯ. ಪಾಠದಲ್ಲಿ ಅತಿ ಹೆಚ್ಚು ಮರ್ಯಾದೆ ಪಡೆದ ಈ ಸಂಖ್ಯೆಯೇ ಅದರ ಅತಿ ದುರ್ಬಲ ಜಾಗ.

ಗ್ಲೈಕಾಲಿಸಿಸ್, ಕ್ರೆಬ್ಸ್ ಚಕ್ರಗಳ ವಿವರಣೆಗೆ ನನ್ನ ತಕರಾರಿಲ್ಲ. ಲೆಕ್ಕ ಹುಟ್ಟಿದ ಬಗೆ ನೋಡಿ. ಗ್ಲೂಕೋಸಿನ ಎಲೆಕ್ಟ್ರಾನುಗಳನ್ನು ಹೊತ್ತೊಯ್ಯುವ ಹತ್ತು ಎನ್‌ಎಡಿಎಚ್, ಒಂದಕ್ಕೆ 3ರಂತೆ 30. ಎರಡು ಎಫ್‌ಎಡಿಎಚ್‌2, ಒಂದಕ್ಕೆ 2ರಂತೆ 4. ನೇರವಾಗಿ ದಕ್ಕಿದ್ದು 4. ಈ 3 ಎಲ್ಲಿಂದ ಬಂತು? ಎಲೆಕ್ಟ್ರಾನು ಮೆಟ್ಟಿಲಿಳಿಯುವಾಗ ಮೂರು ಕಡೆ ಒಂದೊಂದು ಎಟಿಪಿ ಹುಟ್ಟುತ್ತದೆಂಬ ಹಳೆಯ ಕಲ್ಪನೆಯಿಂದ. ಪೀಟರ್ ಮಿಚೆಲ್ 1961ರಲ್ಲಿ ಆ ಕಲ್ಪನೆಯ ಬುಡಕ್ಕೇ ಕೈಹಾಕಿದರು. ಎಲೆಕ್ಟ್ರಾನಿನ ಹರಿವು ಪ್ರೋಟಾನುಗಳನ್ನು ಮೈಟೋಕಾಂಡ್ರಿಯದ ಒಳಪೊರೆಯಾಚೆ ನೂಕುತ್ತದೆ, ಕಟ್ಟೆಯ ಹಿಂದೆ ನಿಂತ ನೀರಿನಂತೆ ಅವು ಮರಳಿ ಧುಮುಕುವಾಗ ಎಟಿಪಿ ತಯಾರಾಗುತ್ತದೆ ಎಂದರು. 1978ರಲ್ಲಿ ನೊಬೆಲ್ ಬಂತು. ಕಟ್ಟೆಯ ನೀರಿಗೆ ಪೂರ್ಣಸಂಖ್ಯೆಯ ಹಂಗಿಲ್ಲ. ಒಂದು ಎನ್‌ಎಡಿಎಚ್ 10 ಪ್ರೋಟಾನು ನೂಕುತ್ತದೆ. ಒಂದು ಎಟಿಪಿ ತಯಾರಾಗಿ ಹೊರಬೀಳಲು ಸುಮಾರು 4 ಬೇಕು. ಸಿಗುವುದು 2.5. ಎಫ್‌ಎಡಿಎಚ್‌2ರಿಂದ 1.5. ಒಟ್ಟು 30ರಿಂದ 32. ಪುಸ್ತಕ ಮೊದಲು ಮಿಚೆಲರ ಸಿದ್ಧಾಂತವನ್ನು ಕಲಿಸುತ್ತದೆ, ಆಮೇಲೆ ಆ ಸಿದ್ಧಾಂತ ಅಳಿಸಿಹಾಕಿದ ಲೆಕ್ಕವನ್ನೇ ಮಕ್ಕಳಿಂದ ಬರೆಸುತ್ತದೆ.

ಇದು ಊಹೆಗಳ ಮೇಲೆ ನಿಂತ ಲೆಕ್ಕ, ಜೀವಂತ ಕೋಶದಲ್ಲಿ ಹೀಗೇ ನಡೆಯದು ಎಂದು ಎನ್‌ಸಿಇಆರ್‌ಟಿ ಪುಸ್ತಕ ಒಪ್ಪಿಕೊಂಡಿದೆ, ನಿಜ. ಆದರೆ ಆ ಊಹೆಗಳ ಪಟ್ಟಿಯಲ್ಲಿ 3ರ ಮೇಲೆ ಅನುಮಾನವೇ ಇಲ್ಲ.

ನಮ್ಮಲ್ಲಿ ಪಠ್ಯಗಳನ್ನು ಟೀಕಿಸುವವರು ಇದನ್ನು ಮುಟ್ಟುವುದಿಲ್ಲ. ಅವರ ಸಿಟ್ಟೆಲ್ಲ ಪರಿಭಾಷೆಯ ಮೇಲೆ. 'ಶಿಲೀಂಧ್ರ' ಬೇಡ, ಬೂಷ್ಟು ಎನ್ನಿ; 'ಚಯಾಪಚಯ' ಮಕ್ಕಳ ನಾಲಿಗೆಗೆ ಹೊರೆ, ಕಿತ್ತುಹಾಕಿ ಎನ್ನುತ್ತಾರೆ. ಈ ಮಾತನ್ನು ನಾನು ಒಪ್ಪಲಾರೆ. ರೊಟ್ಟಿಯ ಮೇಲಿನ ಬೂಷ್ಟು, ಮಳೆಗಾಲದ ಅಣಬೆ, ಬರಿಗಣ್ಣಿಗೆ ಕಾಣದ ಯೀಸ್ಟ್ ಒಂದೇ ಕುಲದವೆಂದು ಹೇಳಲು ಮೂರಕ್ಕೂ ಹೊಂದುವ ಹೆಸರು ಬೇಕು. ಬೂಷ್ಟು ಆ ಕೆಲಸ ಮಾಡದು. ಇನ್ನು ಚಯಾಪಚಯ ನಮ್ಮ ವಿಜ್ಞಾನ ಭಾಷೆಯ ಅತ್ಯುತ್ತಮ ಪದಗಳಲ್ಲೊಂದು. ಚಯವೆಂದರೆ ಕೂಡಿಸುವುದು, ಅಪಚಯವೆಂದರೆ ಕಳೆಯುವುದು. ಎರಡೂ ಒಟ್ಟಿಗೇ ನಡೆಯುತ್ತವೆಂಬುದನ್ನು ಪದವೇ ಹೇಳಿಬಿಡುತ್ತದೆ. ಕ್ರೆಬ್ಸ್ ಚಕ್ರದ ನಡುವಿನಿಂದಲೇ ಆಲ್ಫಾ-ಕೀಟೋಗ್ಲುಟರೇಟ್ ಎದ್ದುಹೋಗಿ ಗ್ಲುಟಮೇಟ್ ಎಂಬ ಅಮೈನೋ ಆಮ್ಲವಾಗುತ್ತದೆ, ಸಿಟ್ರೇಟ್ ಹೊರಟುಹೋಗಿ ಕೊಬ್ಬಿಗೆ ಕಚ್ಚಾವಸ್ತುವಾಗುತ್ತದೆ. 38ರ ಲೆಕ್ಕ ಅಪಚಯವನ್ನು ಮಾತ್ರ ಎಣಿಸುತ್ತದೆ. ಟೀಕಾಕಾರರು ಕಿತ್ತುಹಾಕಬೇಕೆನ್ನುವ ಪದ ಆ ಲೆಕ್ಕಕ್ಕಿಂತ ಹೆಚ್ಚು ಜೀವಶಾಸ್ತ್ರ ಕಲಿಸುತ್ತದೆ.

ಪಠ್ಯಕ್ಕೆ ಪ್ರಿಯವಾದ ಶಿಲೀಂಧ್ರವನ್ನೇ ತೆಗೆದುಕೊಳ್ಳಿ. ಬೇಕರಿ ಯೀಸ್ಟಿನ ಮೈಟೋಕಾಂಡ್ರಿಯದಲ್ಲಿ ಪ್ರೋಟಾನು ನೂಕುವ ಮೊದಲ ಪ್ರೋಟೀನ್ ಸಂಕೀರ್ಣವೇ ಇಲ್ಲ. ಅದರ ಎನ್‌ಎಡಿಎಚ್‌ಗೆ 2.5 ಕೂಡ ದಕ್ಕದು. ಸಕ್ಕರೆ ಹೇರಳವಾಗಿದ್ದರೆ ಆಮ್ಲಜನಕವಿದ್ದರೂ ಅದು ಬಹುಪಾಲು ಹುದುಗುವಿಕೆಯ ದಾರಿಯನ್ನೇ ಹಿಡಿಯುತ್ತದೆ. ಹಾಗೆ ಹುದುಗಿದ ಗ್ಲೂಕೋಸ್ ಒಂದಕ್ಕೆ ಸಿಗುವ 2 ಎಟಿಪಿಗಳಲ್ಲೇ, ಸುಮಾರು ಒಂದೂವರೆ ಗಂಟೆಗೊಮ್ಮೆ ಇಮ್ಮಡಿಯಾಗುತ್ತ ಹೋಗುತ್ತದೆ.