ಲಾಯ್ಡ್ ಜಾರ್ಜ್: ಒಂದು ನ್ಯಾಯ, ಎರಡು ಅಳತೆ

ಖಿಲಾಫತ್ ಚಳವಳಿಯ ಇತಿಹಾಸ ಓದಿದ ನಮಗೆ ಡೇವಿಡ್ ಲಾಯ್ಡ್ ಜಾರ್ಜ್ ಎಂದರೆ ಮಾತಿಗೆ ತಪ್ಪಿದ ಬ್ರಿಟಿಷ್ ಪ್ರಧಾನಿ. ಬ್ರಿಟನ್ನಿನ ಬಡವರಿಗೋ ಅವರು ಮುಪ್ಪಿನ ಕಾಲಕ್ಕೆ ಪಿಂಚಣಿ ತಂದುಕೊಟ್ಟ ಪುಣ್ಯಾತ್ಮ. ಈ ಎರಡೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಅದು ವಿಮರ್ಶೆಯಾಗದು.

1863ರಲ್ಲಿ ಹುಟ್ಟಿದ ಅವರು ಎಳವೆಯಲ್ಲೇ ತಂದೆಯನ್ನು ಕಳೆದುಕೊಂಡರು. ವೇಲ್ಸಿನ ಹಳ್ಳಿಯೊಂದರಲ್ಲಿ ಚಪ್ಪಲಿ ಹೊಲಿಯುತ್ತಿದ್ದ ಸೋದರಮಾವ ರಿಚರ್ಡ್ ಲಾಯ್ಡ್ ಅವರನ್ನು ಸಾಕಿದರು. ಮನೆಮಾತು ವೆಲ್ಷ್, ಇಂಗ್ಲಿಷ್ ಕಲಿತ ಭಾಷೆ. ವಕೀಲರಾಗಿ, 1890ರಲ್ಲಿ ಬರೀ 18 ಮತಗಳ ಅಂತರದಿಂದ ಗೆದ್ದು ಸಂಸತ್ತು ಸೇರಿದರು. ಬೋಯರ್ ಯುದ್ಧವನ್ನು ವಿರೋಧಿಸಿದ್ದಕ್ಕೆ 1901ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ಜನ ಮೈಮೇಲೆ ಬಿದ್ದಾಗ ಪೊಲೀಸ್ ವೇಷದಲ್ಲಿ ಪಾರಾಗಬೇಕಾಯಿತು. ಹಣಕಾಸು ಸಚಿವರಾಗಿ 70 ದಾಟಿದ ಬಡವರಿಗೆ ವಾರಕ್ಕೆ 5 ಶಿಲಿಂಗ್ ಪಿಂಚಣಿಯ ಕಾನೂನನ್ನು 1908ರಲ್ಲಿ ದಾಟಿಸಿದರು. 1909ರ ಬಜೆಟ್ಟಿನಲ್ಲಿ ಜಮೀನ್ದಾರರ ಮೇಲೆ ತೆರಿಗೆ ಹೂಡಿದರು. 1911ರಲ್ಲಿ ಕಾರ್ಮಿಕರಿಗೆ ಆರೋಗ್ಯ ವಿಮೆ ತಂದರು. ಇದನ್ನು ಮೆಚ್ಚಲು ನಮಗೆ ಯಾವ ಸಂಕೋಚವೂ ಬೇಡ.

ಆದರೆ ಈ ನ್ಯಾಯಪ್ರಜ್ಞೆ ಕಡಲು ದಾಟಿತೇ? 1916ರಲ್ಲಿ ಪ್ರಧಾನಿಯಾದ ಅವರು, ತುರ್ಕರಿಂದ ರಾಜಧಾನಿಯನ್ನಾಗಲಿ ಏಷ್ಯಾ ಮೈನರ್ ಮತ್ತು ಥ್ರೇಸ್ ಪ್ರದೇಶಗಳನ್ನಾಗಲಿ ಕಸಿಯಲು ತಾವು ಹೋರಾಡುತ್ತಿಲ್ಲವೆಂದು 1918ರ ಜನವರಿಯಲ್ಲಿ ಸಾರಿದರು. ಆ ಮಾತಿನಿಂದ ಭಾರತದಲ್ಲಿ ಸೈನ್ಯಕ್ಕೆ ಸೇರುವವರು ಹೆಚ್ಚಿದರೆಂದು 1920ರ ಫೆಬ್ರವರಿಯಲ್ಲಿ ಅವರೇ ಸಂಸತ್ತಿನಲ್ಲಿ ಹೇಳಿದರು. ಅಷ್ಟರಲ್ಲಾಗಲೇ ಅವರ ಬೆಂಬಲದಿಂದ ಗ್ರೀಕ್ ಸೇನೆ ಇಜ್ಮಿರ್‌ನಲ್ಲಿ ಇಳಿದಾಗಿತ್ತು. ಮಾರ್ಚ್‌ನಲ್ಲಿ ಮೌಲಾನಾ ಮುಹಮ್ಮದ್ ಅಲಿಯವರ ನಿಯೋಗ ಲಂಡನ್ನಿನಲ್ಲಿ ಕಂಡು ಮನವಿ ಮಾಡಿದಾಗ, ಜರ್ಮನಿಗೆ ಆದ ನ್ಯಾಯವೇ ತುರ್ಕಿಗೂ ಎಂದುಬಿಟ್ಟರು. ಆಗಸ್ಟ್‌ನ ಸೆವ್ರ್ ಒಪ್ಪಂದ ಇಜ್ಮಿರ್‌ನ ಆಡಳಿತವನ್ನೂ ಪೂರ್ವ ಥ್ರೇಸನ್ನೂ ಗ್ರೀಸಿಗೆ ಕೊಟ್ಟಿತು. ಮಾತನ್ನು ನಂಬಿ ಸೈನ್ಯ ಸೇರಿದವನಿಗೆ ಸಿಕ್ಕಿದ್ದೇನು?

ಒಂದು ಕಾಲಕ್ಕೆ ಬೋಯರರ ಪರ ನಿಂತವರ ಸರಕಾರವೇ ಐರ್ಲೆಂಡಿಗೆ ‘ಬ್ಲ್ಯಾಕ್ ಅಂಡ್ ಟ್ಯಾನ್ಸ್’ ಪಡೆಯನ್ನು ಅಟ್ಟಿತು. ಭಾರತಕ್ಕೆ ಬ್ರಿಟಿಷ್ ಅಧಿಕಾರಿಗಳ ಉಕ್ಕಿನ ಚೌಕಟ್ಟು ಸದಾ ಬೇಕೆಂದು 1922ರಲ್ಲಿ ಅವರೇ ವಾದಿಸಿದರು. ವಿಪರ್ಯಾಸವೆಂದರೆ, ಅವರ ಕುರ್ಚಿ ಅಲುಗಿದ್ದೂ ತುರ್ಕಿಯಿಂದಲೇ. ಗ್ರೀಕರು ಸೋತ ಮೇಲೆ ಚನಕ್‌ನಲ್ಲಿ ಮತ್ತೊಂದು ಯುದ್ಧದ ಅಂಚಿಗೆ ಹೋದ ಅವರನ್ನು ಮಿತ್ರಪಕ್ಷವಾದ ಕನ್ಸರ್ವೇಟಿವ್ ಪಕ್ಷ ಕೈಬಿಟ್ಟಿತು. ಅಕ್ಟೋಬರ್‌ನಲ್ಲಿ ರಾಜೀನಾಮೆ ಕೊಟ್ಟವರು 1945ರಲ್ಲಿ ಸಾಯುವ ತನಕ ಮತ್ತೆ ಅಧಿಕಾರ ಕಾಣಲಿಲ್ಲ.

ದುರ್ಬಲರ ನಡುವಿನಿಂದ ಎದ್ದು ಬಂದವನು ಎಲ್ಲ ದುರ್ಬಲರ ಪರ ಇರುತ್ತಾನೆಂದು ನಾವು ಸುಲಭವಾಗಿ ನಂಬುತ್ತೇವೆ. ಲಾಯ್ಡ್ ಜಾರ್ಜ್ ಆ ನಂಬಿಕೆಗೆ ಎಚ್ಚರಿಕೆ. ತನ್ನವರ ನೋವನ್ನು ಅರಿಯಲು ಅನುಭವವೊಂದಿದ್ದರೆ ಸಾಕು. ತನಗೆ ಮತ ಹಾಕಲಾರದವರ ನೋವನ್ನು ಅರಿಯಲು ನ್ಯಾಯನಿಷ್ಠೆಯೇ ಬೇಕು.